ಸೋಮವಾರದ ಸೂಟಿ

ನವಲಗುಂದ ತಾಲೂಕಿನ ಆ ಊರಿನ ಪಂಚಾಯಿತಿಯಲ್ಲಿ ಹನ್ನೊಂದು ವರ್ಷದಿಂದ ಕಂಪ್ಯೂಟರ್ ಮುಂದೆ ಕೂರುವ ಮಹಾನಂದಾಳಿಗೆ ಅರೆಬರೆ ಕೆಲಸ ಕಂಡರೆ ಆಗುವುದಿಲ್ಲ. ಮನೆಯ ನಾಯಿಯ ಜನ್ಮದಿನಾಂಕವನ್ನೂ ಕೇಳಿಯಾಳು ಎಂದು ಊರವರ ಗೇಲಿ.

ಕಪಾಟಿನ ಮೇಲೆ ನೆರೆಹಾವಳಿಗೆಂದು ಕಂಪ್ಯೂಟರ್ ಪೆಟ್ಟಿಗೆ ಬಂದು ಕೂತಾಗಲೂ ಅಷ್ಟೇ. ಮೊಬೈಲ್ ಟವರ್ ಸತ್ತರೂ ಸಾಯದ ಪೆಟ್ಟಿಗೆ ಅದು. ಬೆಣ್ಣಿಹಳ್ಳದ ಅಳತೆಗಂಬಗಳ ಸುದ್ದಿ ಹಿಡಿದು, ದೂರದ ಯಾವ ಶಹರವನ್ನೂ ಕೇಳದೆ, ಯಾರ ಗಾಡಿ ಎಲ್ಲಿಗೆ ಹೋಗಬೇಕೆಂದು ಅಲ್ಲೇ ಲೆಕ್ಕ ಹಾಕಿ ಗಾಡಿಯವರ ವಾಕಿಟಾಕಿಗೆ ಹೇಳುತ್ತದೆ. ಊರಿನ ಟ್ರ್ಯಾಕ್ಟರು, ಎತ್ತಿನ ಚಕ್ಕಡಿಗಳ ಪಟ್ಟಿಯನ್ನು ಅದಕ್ಕೆ ಉಣಿಸಿದವಳು ಮಹಾನಂದಾ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ. ಹಾಗಾಗಿ ಏಳೂ ಚಕ್ಕಡಿಗಳ ಮುಂದೆ ‘ಸೋಮವಾರ ಸೂಟಿ’ ಎಂದು ಬರೆದಿದ್ದಳು. ಎಂಥ ಜಾಣೆ!

ಹಳ್ಳ ಉಕ್ಕಿದ್ದು ಸೋಮವಾರ ಮಧ್ಯಾಹ್ನವೇ. ಹೆಸರುಕಾಯಿ ಬಿಡಿಸಲು ಹೋಗಿದ್ದ ಐದು ಹೆಂಗಸರು ಹೊಲದ ಶೆಡ್ಡಿನಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ಮಹಾನಂದಾಳ ತಾಯಿ ಕಸ್ತೂರೆವ್ವನೂ ಒಬ್ಬಳು. "ನೀರು ಮೊಣಕಾಲಿಗೆ ಬಂತವಾ," ಎಂದು ಜೊತೆಗಿದ್ದ ರೂಬಿನಾ ಮಹಾನಂದಾಳಿಗೆ ಫೋನು ಮಾಡಿದ್ದಳು. ಆಮೇಲೆ ಟವರ್ ಹೋಯಿತು.

ಅವಳು ವಿಷಯ ತುಂಬಿದ್ದೇ ಪೆಟ್ಟಿಗೆ ಈರೇಶನ ಟ್ರ್ಯಾಕ್ಟರ್ ಕಳಿಸಿತು. ಎರೆ ಹೊಲದ ಕಪ್ಪು ಮಣ್ಣಿನಲ್ಲಿ ಗಾಲಿ ಹೂತವೆಂದು ಅವನು ವಾಕಿಟಾಕಿಯಲ್ಲಿ ಗೋಳಾಡಿದ. ಪೆಟ್ಟಿಗೆ ಇನ್ನೊಂದು ಟ್ರ್ಯಾಕ್ಟರ್ ಕಳಿಸಿತು. ಅದೂ ಹೂತಿತು. ಮಹಾನಂದಾಳಿಗೆ ಆಗ ಹೊಳೆಯಿತು. ಕೆಸರು ದಾಟಬಲ್ಲ ಚಕ್ಕಡಿಗಳನ್ನು ಕಟ್ಟಿಹಾಕಿದವಳು ತಾನೇ! ಕೂಡಲೇ ಸೂಟಿ ಅಳಿಸಿದಳು. ಪೆಟ್ಟಿಗೆ ತಕ್ಷಣ ಶಂಭುಲಿಂಗಪ್ಪನ ಜೋಡೆತ್ತನ್ನು ಆರಿಸಿತು. ಇಡೀ ಊರಿನಲ್ಲಿ ಸೋಮವಾರವನ್ನು ಅವನಷ್ಟು ಬಿಗಿಯಾಗಿ ಹಿಡಿದವರಿಲ್ಲ.

"ನಿನ್ನ ಡಬ್ಬಿಗೆ ಹುಚ್ಚ ಹಿಡದೈತೇನವಾ? ಇವತ್ತ ಸೋಮವಾರ!" ವಾಕಿಟಾಕಿ ಗುಡುಗಿತು.

"ಡಬ್ಬಿ ಅಲ್ರಿ ಕಾಕಾ, ನಾನ ಸೂಟಿ ತಗದೇನಿ. ಅಲ್ಲೆ ನಮ್ಮವ್ವ ಅದಾಳ್ರಿ."

ಉತ್ತರಕ್ಕೆಂದು ಒತ್ತಿದ ವಾಕಿಟಾಕಿಯ ಗುಂಡಿಯನ್ನು ಬಿಡಲು ಅವನು ಮರೆತಿದ್ದ. ಕೊರಳ ಗೆಜ್ಜೆ ಸದ್ದಾಯಿತು. ಎತ್ತುಗಳಿಗೆ ಅವನು ಮೆಲ್ಲಗೆ ಹೇಳಿದ್ದು ಕೇಳಿಸಿತು: "ತಪ್ಪಾತಪ್ಪಾ ಬಸವಣ್ಣ. ಇವತ್ತೊಂದ ದಿನ ಹೊಟ್ಟ್ಯಾಗ ಹಾಕ್ಕೋ."

ಒಂದು ತಾಸಿನಲ್ಲಿ ಐವರೂ ಚಕ್ಕಡಿಯಲ್ಲಿ ಬಂದಿಳಿದರು. "ಎರಿ ಹೊಲಕ್ಕ ಟ್ರ್ಯಾಕ್ಟರ್ ಕಳಸ್ತಾರೇನ, ಹುಚ್ಚಿ?" ಎಂದು ಕಸ್ತೂರೆವ್ವ ಇಳಿಯುತ್ತಲೇ ಬೈದಳು. ಮಹಾನಂದಾ ನಗುತ್ತ ನಗುತ್ತಲೇ ಅತ್ತುಬಿಟ್ಟಳು.

ಮರುದಿನ ಬೆಳಿಗ್ಗೆ ಶಂಭುಲಿಂಗಪ್ಪ ಪಂಚಾಯಿತಿಗೆ ಬಂದ.

"ಇವತ್ತ ನನ್ನ ಎತ್ತಿಗೆ ಸೂಟಿ ಬರಿಯವಾ. ನಿನ್ನೀದು ತಿರಗಿ ಕೊಡಬೇಕಲ್ಲ."

ಅವಳು ಮಂಗಳವಾರಕ್ಕೆ ಸೂಟಿ ಹಾಕಿದಳು. ಪೆಟ್ಟಿಗೆ ಕಾರಣ ಕೇಳಿತು. ಮಹಾನಂದಾ ಟೈಪ್ ಮಾಡಿದಳು: ನಮ್ಮವ್ವನ್ನ ಕರಕೊಂಡು ಬಂದಾವು.