ಸಾಸಿವೆ ಕೇಳಿಸದ ಕಿವಿವೈರು

ಮೊದಲ ಬಸ್ಸು ಬರುವುದಕ್ಕೆ ಇನ್ನೂ ಅರ್ಧ ಗಂಟೆಯಿದೆ. ಕಡೂರಿನ ಬಸ್ ನಿಲ್ದಾಣದ ಪಕ್ಕ, ಹೊಂಗೆ ಮರದ ಕೆಳಗಿನ ಪೆಟ್ಟಿಗೆ ಅಂಗಡಿಯಲ್ಲಿ ಗಿಡ್ಡಪ್ಪ ಕಣ್ಣು ಮುಚ್ಚಿಕೊಂಡು ಕೂತಿದ್ದಾರೆ. ಎಡಗಿವಿಯಲ್ಲಿ ಹತ್ತಿ. ಬಲಗಿವಿಯಲ್ಲಿ ಅಂಗಿ ಗುಂಡಿಗಿಂತ ಕೊಂಚ ದಪ್ಪನೆಯ ಇಯರ್‌ಫೋನು. ಅದರ ವೈರು ಇಳಿದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ, ಸದ್ದು ಹಿಡಿಯುವ ಒಂದು ಡಬ್ಬಿಗೆ ಸೇರಿದೆ. ಅವರು ಮೊದಲು ಮರದ ಹಲಗೆಯನ್ನು ಗೆಣ್ಣಿನಿಂದ ಕುಟ್ಟುತ್ತಾರೆ. ಆಮೇಲೆ ಒಂದು ಚಿಟಿಕೆ ಸಾಸಿವೆಯನ್ನು ಸ್ಟೀಲ್ ತಟ್ಟೆಯ ಮೇಲೆ ಮೆಲ್ಲಗೆ ಉದುರಿಸುತ್ತಾರೆ. ಮತ್ತೊಮ್ಮೆ ಉದುರಿಸುತ್ತಾರೆ. ಕೊನೆಗೆ ಇಯರ್‌ಫೋನನ್ನು ಕಿವಿಯಿಂದ ತೆಗೆದು, “ಇದ್ರಾಗೆ ಗುಡುಗು ಐತೆ, ಸಾಸ್ವೆ ಇಲ್ಲ” ಎಂದು ಅದನ್ನು ಪಕ್ಕಕ್ಕೆ ಸರಿಸುತ್ತಾರೆ.

ಐವತ್ತೊಂದು ವರ್ಷದ ಈ ಮನುಷ್ಯನಿಗೆ ಯಾವ ಪದವಿಯೂ ಇಲ್ಲ, ಬೋರ್ಡೂ ಇಲ್ಲ. ಕಡೂರಿನಲ್ಲಿ ಇಳಿದು ‘ಕಿವಿವೈರು ಗಿಡ್ಡಪ್ಪ’ ಎಂದರೆ ಯಾರಾದರೂ ಕೈ ತೋರಿಸುತ್ತಾರೆ. ರೇಡಿಯೊಗೆ ಸಿಕ್ಕಿಸುವ ಇಯರ್‌ಫೋನು, ಕಿವಿ ಮಂದವಾದವರು ಎದೆಗೆ ತೂಗುಹಾಕಿಕೊಳ್ಳುವ ಮಿಷನ್ನಿನ ಇಯರ್‌ಫೋನು, ಎರಡನ್ನೂ ಪರೀಕ್ಷೆ ಮಾಡಿ ಸರಿಪಡಿಸುವುದು ಅವರ ಕೆಲಸ. ಕೆಲಸವೆಲ್ಲ ಬೆಳಕು ಹರಿಯುವ ಹೊತ್ತಿಗೇ. “ಬಸ್ಸು ಬಂದು ಹಾರನ್ ಹೊಡೀತು ಅಂದ್ರೆ ಮುಗೀತು ಕಣ್ರೀ. ಆಮೇಲೆ ಸಾಸ್ವೆ ಬಿದ್ದಿದ್ದು ನನ್ ಕಿವೀಗೇ ಕೇಳಲ್ಲ, ವೈರಿಗೆ ಎಲ್ಲಿ ಕೇಳ್ತದೆ?” ಎನ್ನುತ್ತಾರೆ.

ಅಂಗಡಿಯ ಮುಂದಿನ ಬೆಂಚಿನ ಮೇಲೆ ಇವತ್ತು ಹುಲಿಯಮ್ಮ ಕೂತಿದ್ದಾರೆ. ಸಿಂಗಟಗೆರೆಯವರು, ಅರವತ್ತು ದಾಟಿದೆ. ಕಡೂರು, ತರೀಕೆರೆ, ಅಜ್ಜಂಪುರದ ಸಂತೆಗಳಲ್ಲಿ ಮೂವತ್ತು ವರ್ಷದಿಂದ ಜೀರಿಗೆ, ಮೆಂತ್ಯ, ಸಾಸಿವೆ, ಸೀಗೆಪುಡಿ ಮಾರುತ್ತಾರೆ. ಕಿವಿ ಮಂದವಾದ ಮೇಲೆ ಗಿರಾಕಿಯ ಬಾಯಿ ನೋಡಿ ಅಂದಾಜು ಮಾಡಿ ಕೊಡುತ್ತಿದ್ದರು. ಬಾಯಿ ನೋಡಿದರೆ ಜೀರಿಗೆಯೂ ಒಂದೇ, ಸೀಗೆಯೂ ಒಂದೇ. ಹೋದ ತಿಂಗಳು ಜೀರಿಗೆ ಕೇಳಿದ ಮದುವೆ ಮನೆಯವರಿಗೆ ಒಂದು ಸೇರು ಸೀಗೆಪುಡಿ ಕಟ್ಟಿಕೊಟ್ಟರು. ಸಂತೆಗೆ ಸಂತೆಯೇ ನಕ್ಕಿತು. ಅವತ್ತಿನಿಂದ ಗಿರಾಕಿಗಳು ಪಕ್ಕದ ತಾಡಪಾಲಿನ ವ್ಯಾಪಾರಿಯ ಕಡೆಗೆ ಹೋಗುತ್ತಿದ್ದಾರೆ. “ಇವತ್ತಿನ ಸಂತೇಲೂ ಹಿಂಗೇ ಆದ್ರೆ ಚೀಲ ಮಡಚಿ ಅಟ್ಟಕ್ಕೆ ಹಾಕ್ತೀನಿ. ನಗಿಸ್ಕಂಡು ಯಾಪಾರ ಮಾಡಾಕೆ ನಂಗಾಗಲ್ಲ” ಎಂದು ತಮಗೆ ತಾವೇ ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ. ಅವರ ಎದೆಯ ಮೇಲೂ ಒಂದು ಮಿಷನ್ನು ತೂಗಾಡುತ್ತಿದೆ. ಮೂರು ತಿಂಗಳ ಹಿಂದೆ, ಈ ಎಂಬತ್ತೈದನೇ ಇಸವಿಯಲ್ಲೇ, ಅಜ್ಜಂಪುರದಲ್ಲಿ ದೊಡ್ಡವರು ಚಪ್ಪಾಳೆಯ ನಡುವೆ ಕೊಟ್ಟದ್ದು.

ಆ ಚಪ್ಪಾಳೆಯ ಕಥೆಗೆ ಬರುವ ಮುಂಚೆ ಗಿಡ್ಡಪ್ಪನವರ ಕಿವಿಯ ಕಥೆ ಸ್ವಲ್ಪ ಹೇಳಬೇಕು. ಹದಿನಾರನೇ ವಯಸ್ಸಿಗೆ ಅವರು ತೀರ್ಥಪ್ಪ ಎಂಬುವರ ರೇಡಿಯೊ ಅಂಗಡಿಗೆ ಕಸ ಗುಡಿಸಲು, ಪೆಟ್ಟಿಗೆ ಹೊರಲು ಸೇರಿದರು. ಊರಾಚೆಯ ಕೇರಿಯ ಹುಡುಗ ಅಂಗಡಿಯ ಒಳಗೆ ಕೂರುವುದಕ್ಕೆ ಗಿರಾಕಿಗಳು ಮೂಗು ಮುರಿದರೆ, ತೀರ್ಥಪ್ಪನವರು “ನಿಮ್ ರೇಡಿಯೊ ಗೊರಗೊರ ಅನ್ನೋದು ಮೊದಲು ಇವನ ಕಿವೀಗೇ ಗೊತ್ತಾಗೋದು. ಬೇಡ ಅಂದ್ರೆ ತಗಂಡೋಗಿ” ಅನ್ನುತ್ತಿದ್ದರಂತೆ. ಎಪ್ಪತ್ತರ ದಶಕದಲ್ಲಿ ಅಂಗೈಯಗಲದ ಟ್ರಾನ್ಸಿಸ್ಟರುಗಳು ಬಂದವು, ಅವುಗಳ ಜೊತೆ ಒಂಟಿ ಕಿವಿಯ ಇಯರ್‌ಫೋನು. ಕ್ರಿಕೆಟ್ ಕಾಮೆಂಟರಿಯ ದಿನಗಳಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತರು ವೈರನ್ನು ಅಂಗಿ ತೋಳಿನೊಳಗಿಂದ ತಂದು, ಕೆನ್ನೆಗೆ ಕೈ ಕೊಟ್ಟುಕೊಂಡು ಕಡತ ನೋಡುವವರ ಹಾಗೆ ಕೂರುತ್ತಿದ್ದರು. ವಿಕೆಟ್ ಬಿದ್ದಾಗ ಬೆಚ್ಚಿ ಎದ್ದರೆ ವೈರು ಪಟ್ಟೆಂದು ಕಿತ್ತು ಬರುತ್ತಿತ್ತು. ಹಾಗೆ ಕಿತ್ತು ಬಂದ ನೂರಾರು ವೈರುಗಳನ್ನು ನೋಡಿ ನೋಡಿಯೇ ಗಿಡ್ಡಪ್ಪ ಪಾಠ ಕಲಿತದ್ದು.

ವೈರು ಇಯರ್‌ಫೋನಿನೊಳಗೆ ಹೋಗುವ ಜಾಗಕ್ಕೆ ಅವರು ‘ಕುತ್ತಿಗೆ’ ಅನ್ನುತ್ತಾರೆ. ಹತ್ತರಲ್ಲಿ ಏಳು ಸಾಯುವುದು ಕುತ್ತಿಗೆ ಮುರಿದೇ. ಆದ್ದರಿಂದ ಪ್ರತಿಯೊಂದನ್ನೂ ಕುತ್ತಿಗೆಯ ಹತ್ತಿರ ಐವತ್ತು ಸಲ ಮಡಚಿ ಬಿಡಿಸುತ್ತಾರೆ, ನೂರು ಗ್ರಾಂ ತೂಕದ ಕಲ್ಲು ಕಟ್ಟಿ ತೂಗುಹಾಕುತ್ತಾರೆ, ಬೆವರಿನ ಬದಲು ಉಪ್ಪುನೀರು ಸವರಿ ಒಣಗಿಸಿ ಮತ್ತೆ ಕೇಳುತ್ತಾರೆ. ದನಿಗೆ ಎರಡೇ ಪರೀಕ್ಷೆ. ಹಲಗೆ ಕುಟ್ಟಿದ್ದು ಗುಡುಗು, ತಟ್ಟೆಗೆ ಬಿದ್ದದ್ದು ಸಾಸಿವೆ. “ಗುಡುಗು ಎಲ್ಲಾದ್ರಾಗೂ ಬತ್ತದೆ. ಕಮ್ಮಿ ಮಾಲು ಅಂದ್ರೆ ಗುಡುಗು ಜಾಸ್ತೀನೇ. ಜನ ಏನೋ ದೊಡ್ ದನಿ ಅಂತ ಖುಷಿಯಾಗ್ತಾರೆ. ಆದ್ರೆ ಮಾತಿನ ಅರ್ಥ ಇರೋದು ಸಾಸ್ವೇಲಿ ಕಣ್ರೀ. ಸ, ಶ, ಚ ಹೋಯ್ತು ಅಂದ್ರೆ ಮನುಷ್ಯ ಮಾತಾಡಿದ್ದೂ ಎಮ್ಮೆ ಅರಚಿದ್ದೂ ಒಂದೇ.” ದಿನಕ್ಕೆ ಎಂಟೊಂಬತ್ತು ವೈರು ಅವರ ಕೈಯಲ್ಲಿ ಹೀಗೆ ಪಾಸೋ ಫೇಲೋ ಆಗುತ್ತವೆ.

ಈಗ ಹೊಟ್ಟೆ ಉರಿಯುವ ಭಾಗ. ಹೋದ ವರ್ಷ ಒಂದು ಸೇವಾ ಸಂಘದವರು ತರೀಕೆರೆಯಲ್ಲಿ ಕ್ಯಾಂಪ್ ನಡೆಸಿ ಅರವತ್ತನಾಲ್ಕು ಮಂದಿಗೆ ಕಿವಿಯ ಮಿಷನ್ನು ಹಂಚಿದರು. ಹಾರ, ಭಾಷಣ, ಫೋಟೊ ಎಲ್ಲ ಆಯಿತು. ನಾಲ್ಕು ತಿಂಗಳಲ್ಲಿ ಅದರಲ್ಲಿ ನಲವತ್ತೊಂದು ಗಿಡ್ಡಪ್ಪನವರ ಅಂಗಡಿಗೆ ಬಂದವು. ಮುರಿದ ಕುತ್ತಿಗೆಗಳನ್ನೆಲ್ಲ ಅವರು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದಾರೆ. ಡಬ್ಬಿ ಅಲುಗಿಸಿದರೆ ಹುರುಳಿ ಕಾಳಿನ ಹಾಗೆ ಸದ್ದಾಗುತ್ತದೆ. ಅಂಗಡಿಯಲ್ಲಿ ಮಾರುವ ಟ್ರಾನ್ಸಿಸ್ಟರು ಇಷ್ಟು ಬೇಗ ಕೆಟ್ಟಿದ್ದರೆ ಗುಮಾಸ್ತರು ಊರು ಒಂದು ಮಾಡುತ್ತಿದ್ದರು. ಇವರು ಯಾರೂ ಸೊಲ್ಲೆತ್ತಲಿಲ್ಲ. ಯಾಕೆ ಎಂದರೆ ಗಿಡ್ಡಪ್ಪನವರ ದನಿ ಏರುತ್ತದೆ. “ಕಿವಿ ಕೇಳ್ದೇ ಇರೋರು ಏನ್ ಕೇಳ್ತಾರೆ ಸ್ವಾಮಿ? ಕೇಳಿಸ್ಕಳಾಕೂ ಆಗಲ್ಲ, ಯಾಕಪ್ಪ ಹಿಂಗೆ ಅಂತ ಕೇಳಾಕೂ ಹೋಗಲ್ಲ. ಅದು ಗೊತ್ತಿದ್ದೇ ಇಂಥಾವ್ನ ತಂದು ಕೊಡ್ತಾರೆ.”

ತರೀಕೆರೆಯ ಗುಸುಗುಸು ಸಂಘದವರ ಕಿವಿಗೂ ಬಿದ್ದಿರಬೇಕು. ಈ ವರ್ಷ ಅಜ್ಜಂಪುರದ ಕ್ಯಾಂಪಿಗೆ ಮುಂಚೆ ಎಂಬತ್ತು ಮಿಷನ್ನುಗಳ ಪೆಟ್ಟಿಗೆಯನ್ನು ಗಿಡ್ಡಪ್ಪನವರ ಅಂಗಡಿಗೆ ಕಳಿಸಿ, ನೋಡಿ ರುಜು ಹಾಕಲು ಹೇಳಿದರು. ಒಂಬತ್ತು ಬೆಳಗು ಅವರು ಬೇರೆ ಕೆಲಸ ಮುಟ್ಟಲಿಲ್ಲ. ಮೂವತ್ತೊಂದರಲ್ಲಿ ಸಾಸಿವೆ ಇರಲಿಲ್ಲ. ಇಪ್ಪತ್ತೆರಡರ ಕುತ್ತಿಗೆ ಕೈಯಲ್ಲೇ ಬಂತು ಅಥವಾ ಬರುವ ಹಾಗಿತ್ತು. ಆ ಐವತ್ತಮೂರಕ್ಕೂ ಕುತ್ತಿಗೆಗೆ ಕೆಂಪು ದಾರ ಕಟ್ಟಿ, ಉಳಿದ ಇಪ್ಪತ್ತೇಳನ್ನು ಬೇರೆ ಇಟ್ಟರು. ಸಂಘದ ಅಧ್ಯಕ್ಷರು ಬಂದು ನೋಡಿ, “ಲೇ ಗಿಡ್ಡ, ನಿನ್ನ ಮಾರ್ಕು ಹಾಕು ಅಂತ ಹೇಳಿದ್ನಾ? ಎಂಬತ್ತು ಅಂತ ಪೇಪರಿಗೆ ಕೊಟ್ಟಾಗಿದೆ. ರುಜು ಹಾಕು” ಎಂದರು. ಊರೆಲ್ಲ ಗಿಡ್ಡಪ್ಪ ಎನ್ನುವ ಮನುಷ್ಯನನ್ನು ‘ಗಿಡ್ಡ’ ಮಾಡುವುದಕ್ಕೆ ಅಧ್ಯಕ್ಷರಿಗೆ ಒಂದು ಉಸಿರು ಸಾಕಾಯಿತು. ಗಿಡ್ಡಪ್ಪ ಇಪ್ಪತ್ತೇಳಕ್ಕೆ ಮಾತ್ರ ರುಜು ಹಾಕುತ್ತೇನೆ ಎಂದರು. ಅಧ್ಯಕ್ಷರು ಪೆಟ್ಟಿಗೆ ಎತ್ತಿಸಿಕೊಂಡು ಹೋದರು.

ಕ್ಯಾಂಪಿನ ದಿನ ಗಿಡ್ಡಪ್ಪ ಯಾರೂ ಕರೆಯದಿದ್ದರೂ ರೈಲು ಹತ್ತಿ ಅಜ್ಜಂಪುರಕ್ಕೆ ಹೋದರು. ಮೇಜಿನ ಮೇಲೆ ಎಂಬತ್ತೂ ಸಾಲಾಗಿ ಕೂತಿದ್ದವು. ಕೆಂಪು ದಾರಗಳನ್ನು ಕತ್ತರಿಯಿಂದ ಕತ್ತರಿಸಿ ಹಾಕಿದ್ದರು. ಒಬ್ಬೊಬ್ಬರನ್ನೇ ಕರೆದು, ಕಿವಿಗೆ ಇಟ್ಟು, ಎದುರಿಗೆ ನಿಂತು, ಬಾಯಿ ಅಗಲಿಸಿ, ತಲೆಯನ್ನೂ ಆಡಿಸುತ್ತ “ಕೇಳ್ತದಾ?” ಎನ್ನುವುದು. ಎದುರಿಗಿನವರು ತಲೆ ಆಡಿಸಿದರೆ ಇವರೂ ಆಡಿಸುವುದು. ಚಪ್ಪಾಳೆ. ಹುಲಿಯಮ್ಮನ ಸರದಿ ಬಂದಾಗ ಗಿಡ್ಡಪ್ಪ ವೇದಿಕೆ ಹತ್ತಿ ಅವರ ಬೆನ್ನ ಹಿಂದೆ ನಿಂತು ‘ಸಾಸ್ವೆ’ ಎಂದರು. ಮೂವತ್ತು ವರ್ಷ ಸಾಸಿವೆ ಮಾರಿದ ಹೆಂಗಸು ಅಲ್ಲಾಡಲಿಲ್ಲ. ಎರಡನೇ ಸಲವೂ ಇಲ್ಲ. ಮುಂದಿನಿಂದ ಅಧ್ಯಕ್ಷರು “ಕೇಳ್ತದೇನಮ್ಮಾ?” ಎಂದು ತಲೆ ಆಡಿಸಿದರು. ಹುಲಿಯಮ್ಮ ನಕ್ಕು ತಲೆ ಆಡಿಸಿದರು. ಸಭೆ ಚಪ್ಪಾಳೆ ತಟ್ಟಿತು.

“ಎದುರ್ಗೆ ನಿಂತು ಕೇಳ್ಬೇಡಿ ಸಾರ್, ಬೆನ್ನಿಂದೆ ನಿಂತು ಕೇಳಿ” ಎಂದು ಗಿಡ್ಡಪ್ಪ ಕೂಗಿದರು. ಇಬ್ಬರು ರಟ್ಟೆ ಹಿಡಿದು ಇಳಿಸಿದರು. ಆಗ ಅಧ್ಯಕ್ಷರು ಪಕ್ಕದವರಿಗೆ ಹೇಳಿದ ಮಾತು ಮೈಕಿನಲ್ಲಿ ಇಡೀ ಸಭೆಗೆ ಕೇಳಿಸಿತು. “ಇವನು ತನ್ನ ಕಿವಿಗೆ ಹಾಕಿ ನೋಡಿದ್ದನ್ನ ನಾಕು ಜನ ಮರ್ಯಾದಸ್ಥರ ಕಿವಿಗೆ ಹಾಕೋದು ಬೇರೆ ಕರ್ಮ.”

ಇದನ್ನು ಎರಡು ಸಲ ಓದಿ. ಮೇಜಿನ ಮೇಲಿದ್ದ ಎಂಬತ್ತೂ ಗಿಡ್ಡಪ್ಪನವರ ಕಿವಿ ಹೊಕ್ಕು ಬಂದಂಥವೇ, ಪ್ರತಿಯೊಂದನ್ನೂ ಅವರು ಸ್ಪಿರಿಟ್ಟಿನಲ್ಲಿ ಒರೆಸಿಯೇ ಕಳಿಸಿದ್ದರು. ಅವರು ಕೆಟ್ಟದ್ದು ಎಂದ ಐವತ್ತಮೂರನ್ನು ಹಂಚುವಾಗ ಆ ಕಿವಿ ಯಾರಿಗೂ ಅಡ್ಡ ಬರಲಿಲ್ಲ. ಕೆಟ್ಟದ್ದು ಎಂದು ಬಾಯಿ ಬಿಟ್ಟ ಮೇಲೆ ಮಾತ್ರ ಕಿವಿಗೆ ಜಾತಿ ಬಂತು. ನಾಚಿಕೆಯಾಗಬೇಕಾದವರು ಅವತ್ತು ಶಾಲು ಹೊದ್ದುಕೊಂಡು ಮನೆಗೆ ಹೋದರು. ಗಿಡ್ಡಪ್ಪ ಸಂಜೆಯ ರೈಲಿಗೆ ಕಡೂರಿಗೆ ಬಂದರು.

ಹುಲಿಯಮ್ಮನ ವೈರಿನ ಕುತ್ತಿಗೆಯಲ್ಲಿ ಇವತ್ತಿಗೂ ಕೆಂಪು ದಾರದ ಮೋಟು ತುದಿ ಉಳಿದಿದೆ. ಗಿಡ್ಡಪ್ಪ ಅದನ್ನು ಉಗುರಿನಿಂದ ಮುಟ್ಟಿ ತೋರಿಸುತ್ತಾರೆ. ಹುಲಿಯಮ್ಮನ ಮಿಷನ್ನಿನ ಡಬ್ಬಿ ಗಟ್ಟಿಯಾಗಿದೆ, ಹಾಳಾಗಿರುವುದು ಇಯರ್‌ಫೋನು. ಅದಕ್ಕೆ ಬದಲಿ ಬೇಕು. ಗಿಡ್ಡಪ್ಪ ಹಲಗೆಯ ಸಂದಿಯಿಂದ ಕರ್ಚೀಫಿನ ಗಂಟು ತೆಗೆಯುತ್ತಾರೆ. ತೀರ್ಥಪ್ಪನವರು ಕಡೆಗಾಲದಲ್ಲಿ ಕಿವುಡಾದಾಗ ಹಾಕಿಕೊಳ್ಳುತ್ತಿದ್ದ ಇಯರ್‌ಫೋನು ಅದರೊಳಗಿದೆ. ಅವರು ತೀರಿಕೊಂಡ ಮೇಲೆ ಹೆಂಡತಿ ಕರಿಬಸಮ್ಮನವರು, “ಅವರ ಕಿವೀನೆಲ್ಲ ನೀನೇ ಕಾಪಾಡ್ದೋನು, ಇಟ್ಕಳಪ್ಪ” ಎಂದು ಕೊಟ್ಟದ್ದು. ಆರು ವರ್ಷದಿಂದ ಗಿಡ್ಡಪ್ಪ ಅದನ್ನು ಯಾರಿಗೂ ಕೊಟ್ಟಿರಲಿಲ್ಲ.

ವೈರಿನ ತುದಿಗೆ ಒಳಗಡೆ ಗಂಟು ಹಾಕಿ, ಸಾಲ್ಡರ್ ಮಾಡಿ, ಕುತ್ತಿಗೆಗೆ ಸೈಕಲ್ಲಿನ ವಾಲ್‌ಟ್ಯೂಬಿನ ರಬ್ಬರ್ ತುಂಡು ತೊಡಿಸಿ, ಮೇಲೆ ನೂಲು ಸುತ್ತುತ್ತಾರೆ. ಐವತ್ತು ಸಲ ಮಡಚುತ್ತಾರೆ. ತೂಗುಹಾಕಲು ಹುಲಿಯಮ್ಮನ ಚೀಲದಿಂದಲೇ ತೂಕದ ಕಲ್ಲು ಬರುತ್ತದೆ. ಗಿಡ್ಡಪ್ಪ ಕಿವಿಗಿಟ್ಟು ತಟ್ಟೆಗೆ ಸಾಸಿವೆ ಉದುರಿಸಿ, ತಲೆಯಾಡಿಸಿ, ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಲು ಹೋಗುತ್ತಾರೆ. “ಅದೇನ್ ಒರೆಸ್ತಿಯೋ, ಕೊಡೋ ಇತ್ಲಾಗೆ, ಹೊತ್ತಾಯ್ತು” ಎಂದು ಹುಲಿಯಮ್ಮ ಕಸಿದುಕೊಂಡು ತಾವೇ ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ.

ನಿಮಗೇನು ಆಸೆ ಎಂದರೆ ಗಿಡ್ಡಪ್ಪ ಸ್ಪಿರಿಟ್ಟಿನ ಬಟ್ಟೆ ಮಡಚಿಡುತ್ತಾರೆ. “ಶಾಲು ಗೀಲು ಬ್ಯಾಡ. ಇನ್ನೊಂದ್ ಸಲ ಕ್ಯಾಂಪ್ ಮಾಡಿದ್ರೆ ಬೆನ್ನಿಂದೆ ನಿಂತು ಕೇಳ್ಲಿ, ಅಷ್ಟೇಯ. ನನ್ನ ಕರೀದಿದ್ರೂ ಚಿಂತಿಲ್ಲ.” ಹೇಳಿದವರು ಬೆಂಚನ್ನು ಸುತ್ತಿಕೊಂಡು ಹುಲಿಯಮ್ಮನ ಹಿಂದೆ ಹೋಗಿ ಮೂರು ಹೆಜ್ಜೆ ದೂರದಲ್ಲಿ ನಿಲ್ಲುತ್ತಾರೆ. ಹುಲಿಯಮ್ಮ ರಸ್ತೆಯ ಕಡೆ ಮುಖ ಮಾಡಿ ಚೀಲದ ಬಾಯಿ ಕಟ್ಟುತ್ತಿದ್ದಾರೆ. ದೂರದಲ್ಲಿ ಮೊದಲ ಬಸ್ಸಿನ ದೀಪ ಕಾಣುತ್ತಿದೆ, ಸದ್ದು ಇನ್ನೂ ಮುಟ್ಟಿಲ್ಲ. ಗಿಡ್ಡಪ್ಪ ಉಸಿರಿನಷ್ಟೇ ಮೆಲ್ಲಗೆ, “ಸಾಸ್ವೆ” ಎನ್ನುತ್ತಾರೆ.

ಹುಲಿಯಮ್ಮ ತಿರುಗಿಯೂ ನೋಡುವುದಿಲ್ಲ. “ಎಷ್ಟಪ್ಪಾ? ಚಟಾಕಾ, ಪಾವಾ?”