ಉಪ್ಪು ಹಾಕದ ತಂಗಳನ್ನ

ವಿಶಾಖಪಟ್ಟಣಕ್ಕೆ ಬಂದು ಹನ್ನೊಂದು ವರ್ಷವಾಯಿತು. ಅಚ್ಯುತಾಪುರಂ ಕಡೆ ಸಿಗಡಿ ರಫ್ತು ಮಾಡುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ಸಿಗಡಿ ತೊಳೆಯುವ, ಅದಕ್ಕೆ ಐಸ್ ಹೊದಿಸುವ ನೀರನ್ನು ದಿನಾ ಪರೀಕ್ಷಿಸುತ್ತೇನೆ. ಸ್ವಲ್ಪ ಹೆಚ್ಚುಕಮ್ಮಿಯಾದರೂ ಹೊರದೇಶದವರು ಸರಕು ವಾಪಸ್ ಕಳಿಸುತ್ತಾರೆ. ನೀರಿನ ವಿಷಯದಲ್ಲಿ ನನ್ನಷ್ಟು ಬಲ್ಲವರಿಲ್ಲ ಎಂಬ ಜಂಬ ನನಗಿತ್ತು.

ನನ್ನ ಸೋದರತ್ತೆ ಬಳ್ಳಾರಿಯ ಹೆಣ್ಣು. ಮದುವೆಯಾಗಿ ಬಂದದ್ದು ವಿಜಯವಾಡದಿಂದ ಎರಡು ಗಂಟೆ ಬಸ್ಸಿನ ದಾರಿಯ, ಸಮುದ್ರದ ಕಡೆಯ ಹಳ್ಳಿಗೆ. ನಾನು ಚಿಕ್ಕವಳಿದ್ದಾಗ ಅವಳ ಮನೆ ಸುತ್ತ ಭತ್ತದ ಗದ್ದೆ, ಹಿತ್ತಲಲ್ಲಿ ಊರಿಗೇ ಹೆಸರಾದ ಸಿಹಿನೀರಿನ ಬಾವಿ. ಈಗ ಮೂರು ಕಡೆಯೂ ಸಿಗಡಿ ಕೆರೆಗಳು. ಭತ್ತ ಬೆಳೆಯುತ್ತಿದ್ದ ಮಾವ ಈಗ ವಿಜಯವಾಡದ ಒನ್ ಟೌನ್ ಪೇಟೆಯಿಂದ ಅಕ್ಕಿಮೂಟೆ ತರುತ್ತಾರೆ. ಕುಡಿಯುವ ನೀರು ಕ್ಯಾನಿನಲ್ಲಿ ಬರುತ್ತದೆ, ಅಡುಗೆಗೆ ಮಾತ್ರ ಬಾವಿಯದೇ. ರಾತ್ರಿ ಉಳಿದ ಅನ್ನವನ್ನು ಬಾವಿನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಈರುಳ್ಳಿ ಕಡಿದುಕೊಂಡು ತಿನ್ನದಿದ್ದರೆ ಅತ್ತೆಗೆ ದಿನ ಶುರುವಾಗುವುದಿಲ್ಲ.

ಎರಡು ವರ್ಷದ ಹಿಂದೆ ಅವಳಿಗೆ ಬಿಪಿ ಏರಿತು. ಉಪ್ಪು ಬಿಡಿ ಅಂದರು ಡಾಕ್ಟರು. ಉಪ್ಪಿನಕಾಯಿ ಬಿಟ್ಟಳು, ಹಪ್ಪಳ ಬಿಟ್ಟಳು, ತಂಗಳನ್ನಕ್ಕೂ ಉಪ್ಪು ನಿಲ್ಲಿಸಿದಳು. ಆದರೂ ಬಿಪಿ ಇಳಿಯಲಿಲ್ಲ. ಒಮ್ಮೆ ಹೋದಾಗ ಅವಳ ತಟ್ಟೆಯಿಂದ ಒಂದು ತುತ್ತು ಬಾಯಿಗೆ ಹಾಕಿಕೊಂಡೆ.

"ಏನತ್ತೆ, ಇಷ್ಟು ಉಪ್ಪು ಹಾಕೀಯಲ್ಲ!"

"ಲೇದಮ್ಮ, ಒಂದು ಹರಳೂ ಹಾಕಿಲ್ಲ. ನಿನ್ನ ಮ್ಯಾಲಾಣೆ."

ಆಣೆ ಬೇರೆ! ನನಗೆ ರೇಗಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯಿತು ನಿನ್ನ ಕಥೆ ಎಂದು ಅಕ್ಕಪಕ್ಕದವರ ಎದುರೇ ಅಂದೆ. ಉಪ್ಪಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಲು ಮಾವನಿಗೆ ಹೇಳಿದೆ, ಅವರು ಹಾಕಿದರು. ಅಲ್ಲಿಂದಾಚೆ ಅತ್ತೆ ತಂಗಳನ್ನಕ್ಕೆ ಕೂರುವಾಗೆಲ್ಲ ಮಾವನನ್ನು ಕರೆದು ಸಾಕ್ಷಿಗೆ ಎದುರು ಕೂರಿಸಿಕೊಳ್ಳುತ್ತಿದ್ದಳಂತೆ. ಅದನ್ನು ಕೇಳಿ ನಾನು ನಕ್ಕಿದ್ದೆ.

ಈ ಬೇಸಿಗೆಯಲ್ಲಿ ಲಕ್ವ ಹೊಡೆದು ಅವಳ ಬಲಗೈ, ಬಲಗಾಲು ಬಿದ್ದುಹೋದವು. ವಿಜಯವಾಡದ ಆಸ್ಪತ್ರೆಗೆ ಸೇರಿಸಿ, ಬಟ್ಟೆ ತರಲೆಂದು ನಾನೊಬ್ಬಳೇ ಹಳ್ಳಿಗೆ ಹೋದೆ. ಬಾವಿಯಿಂದ ನೀರು ಸೇದಿ ಕೈಕಾಲು ತೊಳೆದು ಬಾಯಿ ಮುಕ್ಕಳಿಸಿದೆ, ನೀರು ಉಪ್ಪುಪ್ಪು. ನೀರಿನ ಉಪ್ಪು ಅಳೆಯುವ ಮೀಟರ್ ಸದಾ ನನ್ನ ಬ್ಯಾಗಿನಲ್ಲೇ ಇರುತ್ತದೆ. ಬಕೆಟ್ಟಿನಲ್ಲಿ ಅದ್ದಿದೆ. ನಂಬಿಕೆ ಬಾರದೆ ಮತ್ತೆ ಸೇದಿ ಮತ್ತೆ ಅದ್ದಿದೆ. ಆ ನೀರನ್ನು ನಮ್ಮ ಕಾರ್ಖಾನೆಯ ಸಿಗಡಿಗೆ ಮುಟ್ಟಿಸಲೂ ನಾನು ಬಿಡುತ್ತಿರಲಿಲ್ಲ. ಅತ್ತೆಯ ಕೈ ಬಿದ್ದದ್ದು ಅದರಿಂದಲೇ ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಆದರೆ ಆ ತುತ್ತಿನ ಉಪ್ಪು ಅವಳು ಹಾಕಿದ್ದಲ್ಲ. ನನಗೆ ನಾಚಿಕೆಯಾಯಿತು.

ಸಂಜೆ ಆಸ್ಪತ್ರೆಯಲ್ಲಿ ಗಂಜಿ ಕುಡಿಸುತ್ತ ಎಲ್ಲ ಹೇಳಿದೆ. ಕೆರೆಗಳ ಉಪ್ಪುನೀರು ವರ್ಷವರ್ಷ ಸ್ವಲ್ಪಸ್ವಲ್ಪವೇ ಬಾವಿಗೆ ಇಳಿದಿದೆ, ದಿನಾ ಉಣ್ಣುವ ನಿಮ್ಮಿಬ್ಬರ ನಾಲಿಗೆಗೆ ಅದು ತಿಳಿದಿಲ್ಲ, ಆ ಸಿಗಡಿ ಕೊಳ್ಳುವವರಲ್ಲಿ ನಮ್ಮ ಕಾರ್ಖಾನೆಯೂ ಇದೆ ಎಂದೆ. ಬೈಯಲಿ ಎಂದು ಕಾದೆ. ಅವಳ ಮನಸ್ಸು ಬೇರೆಲ್ಲೋ ಇತ್ತು.

"ಹಂಗಾದ್ರ ನಾನು ಕದ್ದು ತಿಂದಿಲ್ಲ, ಕದಾ?" ನಾಲಿಗೆ ತೊದಲುತ್ತಿತ್ತು.

"ಇಲ್ಲತ್ತೆ."

"ನಿಮ್ಮ ಮಾವಗೂ ಹೇಳು."

ಮಾವ ನನ್ನ ಹಿಂದೆಯೇ ನಿಂತಿದ್ದರು. ಹೇಳಲೆಂದು ತಿರುಗಿದೆ. ಅವರು ತಲೆ ತಗ್ಗಿಸಿಕೊಂಡು ಹೊರಗೆ ನಡೆದರು.