ಪೆಡಲ್ಲಿನಡಿ ಒಂದು ಗೂಡು

ನಮ್ಮ ಮನೆಯಲ್ಲಿ ಸದ್ದಿಲ್ಲದ ಕೋಣೆ ಇದ್ದದ್ದು ಒಂದೇ, ಹುಳುಮನೆ. ಶಿಡ್ಲಘಟ್ಟದ ಪಕ್ಕದ ನಮ್ಮ ಹಳ್ಳಿಯಲ್ಲಿ ರೇಷ್ಮೆಹುಳು ಸಾಕುವ ಕೋಣೆಗೆ ಹೊರಗಿನವರು ಕಾಲಿಡುವಂತಿಲ್ಲ. ಸೆಂಟು ಹಾಕಿಕೊಂಡವರಂತೂ ಬಾಗಿಲ ಹತ್ತಿರವೂ ಸುಳಿಯುವಂತಿಲ್ಲ. ಹಾಗಾಗಿ ನನ್ನ ಕಂಪ್ಯೂಟರ್ ಅಲ್ಲೇ ಒಂದು ಮೂಲೆ ಹಿಡಿಯಿತು. ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿ ರೆಕಾರ್ಡ್ ಮಾಡಿದ್ದನ್ನು ಕೇಳಿಸಿಕೊಂಡು ಟೈಪ್ ಮಾಡುವುದು ನನ್ನ ಕೆಲಸ. ಟೇಬಲ್ಲಿನ ಕೆಳಗೆ ಒಂದು ಪೆಡಲ್. ಒತ್ತಿದರೆ ಡಾಕ್ಟರು ಮಾತಾಡುತ್ತಾರೆ, ಬಿಟ್ಟರೆ ಬಾಯಿ ಮುಚ್ಚುತ್ತಾರೆ. ಗಂಡಸರನ್ನು ಹೀಗೆ ಕಾಲಲ್ಲೇ ಸುಮ್ಮನಾಗಿಸುವ ಸುಖ ನನಗೆ ಅದಕ್ಕೆ ಮೊದಲು ಸಿಕ್ಕಿರಲಿಲ್ಲ.

ಇದೂ ಒಂದು ಕೆಲಸವೆಂದು ಅತ್ತೆಗೆ ಅನ್ನಿಸಿರಲೇ ಇಲ್ಲ. ಸೊಸೆ ಕೂತು ಹಾಡು ಕೇಳುತ್ತಾಳೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾನೋ ಇನ್ನೂ ಟ್ರಯಲ್ ಮೇಲಿದ್ದೆ. ಕರೆಂಟ್ ಹೋಗಿ ಎರಡು ಸಲ ಫೈಲು ತಡವಾಗಿತ್ತು. ಮೂರನೆಯ ಸಲ ತಡವಾದರೆ ಬೇರೆ ಕೆಲಸ ನೋಡಿಕೊಳ್ಳಿ ಎಂದು ಬೆಂಗಳೂರಿನ ಆಫೀಸಿನವರು ನಯವಾಗಿಯೇ ಹೇಳಿದ್ದರು.

ಅವತ್ತು ಬೆಳಿಗ್ಗೆ, ಹನ್ನೆರಡರೊಳಗೆ ಕಳಿಸಬೇಕಾದ ಫೈಲು ತೆರೆದು ಪೆಡಲ್ ಮೇಲೆ ಕಾಲಿಡಲು ಹೋದರೆ ಅದರ ಸಂದಿಯಲ್ಲಿ ಬೆಳ್ಳಗೆ ಏನೋ ಕಂಡಿತು. ಬಗ್ಗಿ ನೋಡಿದೆ. ಒಂದು ಹುಳು ತಲೆಯಾಡಿಸುತ್ತಾ ಗೂಡು ಕಟ್ಟುತ್ತಿತ್ತು. ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಹಿಂದಿನ ದಿನ ಆರಿಸುವ ಸರದಿ ನನ್ನದು. ನಾನು ಯಾರದೋ ಪಿತ್ತಕೋಶದಲ್ಲಿ ಮುಳುಗಿದ್ದೆ.

ಕಿತ್ತು ಹಾಕಲು ಕೈ ಚಾಚಿದೆ. ಸೊಪ್ಪು ಹಾಕಲು ಒಳಗೆ ಬಂದ ಅತ್ತೆ ತಡೆದರು.

"ಮನೆ ಕಟ್ತಾ ಇರೋರ್ನ ಒಕ್ಕಲೆಬ್ಬಿಸ್ತಾರೇನಮ್ಮ?"

ಸಾವಿರಾರು ಹುಳುಗಳಲ್ಲಿ ಇದೊಂದಕ್ಕೆ ಇಷ್ಟು ಮರ್ಯಾದೆಯೇ ಎಂದು ಮೈಯೆಲ್ಲ ಉರಿಯಿತು. ಕೆಲಸ ಹೋಗುತ್ತದೆ ಎಂದೆ, ದನಿ ಅಳುವಂತಾಗಿತ್ತು. ಮೌಸಿನಿಂದಲೂ ಡಾಕ್ಟರನ್ನು ನಿಲ್ಲಿಸಬಹುದು, ಆದರೆ ನನ್ನ ಎರಡು ಕೈಯೂ ಟೈಪಿಂಗಿಗೇ ಬೇಕಲ್ಲ ಎಂದು ವಿವರಿಸಿದೆ. ಅತ್ತೆ ಸೊಪ್ಪಿನ ಬುಟ್ಟಿ ಕೆಳಗಿಟ್ಟರು, ಸೆರಗಿಗೆ ಕೈ ಒರೆಸಿಕೊಂಡರು, ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತರು.

ಮೊದಲ ಹತ್ತು ನಿಮಿಷ ಬರೀ ಫಜೀತಿ. ಅವರು ಮೌಸ್ ಕುಟ್ಟಿದ ರಭಸಕ್ಕೆ ಡಾಕ್ಟರು ಬಿಕ್ಕಳಿಸಿದರು. ನಾನು ನಿಲ್ಲಿಸಿ ಅನ್ನುವಷ್ಟರಲ್ಲಿ ರೋಗಿಯ ಆಪರೇಷನ್ನೇ ಮುಗಿದು ಹೊಲಿಗೆಯೂ ಬಿದ್ದಿರುತ್ತಿತ್ತು. ಆಮೇಲಾಮೇಲೆ ನಾನು ಬಾಯಿ ತೆರೆಯುವ ಮುಂಚೆಯೇ ನಿಲ್ಲಿಸತೊಡಗಿದರು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಅತ್ತೆ ಮದುವೆಗೆ ಮುಂಚೆ ರೀಲಿಂಗ್ ಯೂನಿಟ್ಟಿನಲ್ಲಿ ಗೂಡಿನಿಂದ ನೂಲು ತೆಗೆಯುತ್ತಿದ್ದವರು, ಎಳೆ ಕಿತ್ತ ಕೂಡಲೇ ರಾಟೆ ನಿಲ್ಲಿಸಿ ಅಭ್ಯಾಸವಿದ್ದವರು.

"ನಿನ್ ಬೆರಳು ನಿಂತ್ರೆ ಎಳೆ ಕಿತ್ತೋಯ್ತು ಅಂತ. ಅಷ್ಟೇ ಕಣಮ್ಮ."

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಫೈಲು ಹೋಯಿತು.

ಐದಾರು ದಿನಕ್ಕೆ ಗೂಡು ಗಟ್ಟಿಯಾಯಿತು, ಬಿಡಿಸಿದೆವು. ಇನ್ನು ಪೆಡಲ್ ನನ್ನದೇ ಅಂದುಕೊಂಡು ಬಂದರೆ ಅತ್ತೆ ಆಗಲೇ ಸ್ಟೂಲ್ ಮೇಲಿದ್ದಾರೆ, ಕೈ ಮೌಸಿನ ಮೇಲಿದೆ. ಯಾರಾದರೂ ಬಂದರೆ, ನಮಗೆ ಅಮೆರಿಕದ ಕೆಲಸ ಇದೆ, ಆಮೇಲೆ ಬನ್ನಿ ಎಂದು ಸಾಗಹಾಕುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಯಿತು. ಪೆಡಲನ್ನು ಒರೆಸಿ ಅಟ್ಟಕ್ಕೆ ಹಾಕಿದೆ.

ತಿಂಗಳ ಕೊನೆಗೆ ಆಫೀಸಿನಿಂದ ಫೋನ್ ಬಂತು. ಮುಂದಿನ ಬೆಳೆಯ ಮರಿಹುಳುಗಳಿಗೆ ಸೊಪ್ಪು ಕತ್ತರಿಸುತ್ತಿದ್ದ ಅತ್ತೆಯ ಹತ್ತಿರ ಓಡಿದೆ.

"ಅತ್ತಮ್ಮ, ನಂಗೆ ಕೆಲಸ ಪರ್ಮನೆಂಟ್ ಆಯ್ತು."

ಅತ್ತೆ ಕತ್ತಿ ಕೆಳಗಿಟ್ಟು ಕೇಳಿದರು, "ಮತ್ತೆ ನಂಗೆ?"